ಗುಂಪು ಬಿಟ್ಟು ನಿಂದ್ರೋದು
(ಶಹಾಬಾದದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕವಿ ಅಂತ ಕರೆಸೀರಿ. ಇವತ್ತು ಪದ್ಯ ಓದೋದಿಲ್ಲ. ಒಂದು ಶಬ್ದದ ಬಗ್ಗೆ ಮಾತಾಡತೀನಿ: ಬೂಸಾ.

ಬೂಸಾ ಅಂದ್ರ ಏನಂತ ನಮಗ ಯಾರೂ ಕಲಿಸಬೇಕಾಗಿಲ್ಲ. ದನಕ್ಕ ಹಾಕೋದು. 1973ರ ನವೆಂಬರದಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ, ಇಂಗ್ಲಿಷನ್ನೂ ಓದಿರಿ ಎಂಬ ಅರ್ಥದ ಮಾತು ಹೇಳಿದರು. ಆಗ ಅವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟಿದ್ದ ಮನುಷ್ಯ. ಅವರು ಮಾತಾಡಿದ ಹೊತ್ತನ್ನೂ ನೋಡ್ರಿ. ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಿದ್ದರು. ಇನ್ನೂ ತಿಂಗಳು ತುಂಬಿರಲಿಲ್ಲ. ಎಲ್ಲೆಲ್ಲೂ ಜಯಘೋಷ. ಅಂಥಾದ್ರಾಗ ಈ ಮಾತು!

ಬೆಂಕಿ ಹತ್ತಿತು. ಮೆರವಣಿಗೆ, ಧಿಕ್ಕಾರ. ಸಾಹಿತ್ಯದ ಹೆಸರಲ್ಲಿ ಕೈ ಎತ್ತಿದವರು ಎಷ್ಟು ಪುಸ್ತಕ ಓದಿದ್ದರೋ, ದೇವರೇ ಬಲ್ಲ. ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿದ್ದವು. ಮಂತ್ರಿಗೆ ಪೊಲೀಸರಿದ್ದರು. ಹುಡುಗರಿಗೆ ಯಾರಿದ್ದರು? ಊರಿಂದ ಗಂಟು ಕಟ್ಟಿಕೊಂಡು ಓದಲಿಕ್ಕೆ ಬಂದ, ನಿಮ್ಮಂಥ ಹುಡುಗರು. ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ. ಬಸವಲಿಂಗಪ್ಪನವರ ಪರ ಬೀದಿಗೆ ಬಂದರು. ಕುವೆಂಪು ಅವರ ಬೆಂಬಲಕ್ಕೆ ನಿಂತರು. ಆದರೂ ಮಂತ್ರಿ ಪದವಿ ಹೋಯಿತು.

ನನಗ ಆ ಮಾತು ಪೂರಾ ಒಪ್ಪಿಗಿ ಇಲ್ಲ. ಮಾದಾರ ಚೆನ್ನಯ್ಯ, ಉರಿಲಿಂಗಪೆದ್ದಿಗಳ ಕಾಳವ್ವೆ ವಚನ ಹೇಳಿದ್ದು ಇದೇ ಕನ್ನಡದಾಗ. ನಾ ಬರೆಯೋದೂ ಇದರಾಗೇ. ಆದರೆ ಹೊಡೆತ ತಿಂದವರು ಕೇಳಿದ ಪ್ರಶ್ನೆ ಬೇರೆ ಇತ್ತು. ಈ ಸಾಹಿತ್ಯದಾಗ ನಮ್ಮ ಕೇರಿ ಎಲ್ಲಿ ಅದ? ಆ ಪ್ರಶ್ನೆಯ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು, ಒಂದು ತಲೆಮಾರಿನ ಕವಿಗಳು ಬೆಳೆದರು.

ಇದು ಮೈಸೂರು, ಬೆಂಗಳೂರಿನ ಸುದ್ದಿ ಅಂತೀರಿ. ಸರಿ, ನಮ್ಮ ಕಡಿ ಬರೋಣ. ಪ್ರತಿ ಸೆಪ್ಟೆಂಬರ್ 17ಕ್ಕ ಧ್ವಜ ಏರಸ್ತೀವಿ. ಆ ದಿನದ ಭಾಷಣದಾಗ ಬಿ. ಶಾಮಸುಂದರ್ ಹೆಸರು ನಾ ಒಮ್ಮಿನೂ ಕೇಳಿಲ್ಲ. 1948ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಮುಂದೆ ಹೈದರಾಬಾದಿನ ಪರ ಹೋದ ನಿಯೋಗದಲ್ಲಿ ಈ ದಲಿತ ನಾಯಕ ಇದ್ದರು. ದೇಶವೆಲ್ಲ ಒಂದು ಕಡೆ, ಅವರು ಇನ್ನೊಂದು ಕಡೆ. ಅದಕ್ಕಿಂತ ಹೆಚ್ಚಿಂದು ಕೇಳ್ರಿ: ಪರಿಶಿಷ್ಟರು ನಿಜಾಮನ ಪಕ್ಷ ಹಿಡಿಯಬಾರದು ಅಂತ ಬಾಬಾಸಾಹೇಬರೇ 1947ರಲ್ಲಿ ಹೇಳಿದ್ದರು. ಆಗ ಬಾಬಾಸಾಹೇಬರ ಮಾತೇ ಸರಿ ಇತ್ತು ಅಂತ ನಾ ತಿಳಿದೀನಿ. ಭೂಮಾಲೀಕರ ಆಳ್ವಿಕೆಯ ಕೆಳಗ ನಮ್ಮವರಿಗೆ ಏನು ಸಿಕ್ಕಿತ್ತು? ಬಿಟ್ಟಿ ಚಾಕರಿ.

ಹಂಗಂತ ಶಾಮಸುಂದರರನ್ನ ಅಳಿಸಿ ಹಾಕಬೇಕೇನು? ಇದೇ ಮನುಷ್ಯ 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ಮುಂಬಯಿಯ ದಲಿತ ಪ್ಯಾಂಥರ್ ಹುಟ್ಟಿದ್ದು 1972ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ ನಮ್ಮ ನೆಲದಾಗ ದಲಿತರು ತಮ್ಮ ರಕ್ಷಣೆಗೆ ತಾವೇ ಎದ್ದು ನಿಂತಿದ್ದರು. ಪುಸ್ತಕದಾಗ ಪ್ಯಾಂಥರ್ ಓದತೀವಿ, ಮನಿ ಮುಂದಿನ ಭೀಮಸೇನೆ ಗೊತ್ತಿಲ್ಲ.

ಈಗ ನಿಮ್ಮ ಹಾಸ್ಟೆಲ್ಲಿಗೆ ಬರತೀನಿ. ಚುನಾವಣೆ ಬಂತಂದ್ರ ಒಬ್ಬ ಲೀಡರ್ ಬರತಾನ, ಬಿರ್ಯಾನಿ ಬರತದ, ಎಲ್ಲರೂ ಒಂದೇ ಘೋಷಣೆ. ಒಬ್ಬ ಹುಡುಗ "ಅಣ್ಣಾ, ನಂದು ಬೇರೆ ವಿಚಾರ ಅದ" ಅಂದ್ರ ಸಾಕು, ಏಜೆಂಟ ಅಂತೀವಿ. ಮೊಬೈಲ್ ಗ್ರೂಪಿನಿಂದ ತೆಗೀತೀವಿ. ಸವರ್ಣೀಯರು ಊರ ಹೊರಗ ಇಟ್ಟರು ಅಂತ ಸಿಟ್ಟಾಗೋ ನಾವು, ನಮ್ಮ ಕೋಣ್ಯಾಗ ಇನ್ನೊಂದು ಊರ ಹೊರಗ ಮಾಡತೀವಿ. ಒಬ್ಬ ಹುಡುಗಿ ಎದ್ದು ಹಂಗ ಮಾತಾಡಿದ್ರ ಕೇಳೋದೇ ಬ್ಯಾಡ, ಮಾತು ಬಿಟ್ಟು ಅಕಿ ನಡತಿ ಬಗ್ಗೆ ಚರ್ಚೆ.

ನಾ ಇಷ್ಟೇ ಕೇಳೋದು. ಮುಂದಿನ ಸಭೆಯಲ್ಲಿ ಕೈ ಎತ್ತದೆ ಕೂತವರು ಯಾರಾದ್ರೂ ಇದ್ರೆ ಅವರಿಗೆ ಹತ್ತು ನಿಮಿಷ ಕೊಡ್ರಿ. ಸಿಳ್ಳಿ ಹೊಡೀಬ್ಯಾಡ್ರಿ. ಆಮ್ಯಾಲ ಜಗಳಾಡ್ರಿ, ಬೇಕಾದಷ್ಟು.

ಈಗ ನಾ ಕೂಡತೀನಿ. ಶಾಮಸುಂದರರ ಬಗ್ಗೆ ನಾ ಹೇಳಿದ್ದು ತಪ್ಪು ಅನ್ನೋರು ಮೊದಲು ಮುಂದ ಬರ್ರಿ.