ಟ್ರ್ಯಾಕ್ಟರಿನ ಟ್ಯಾಂಕಿಗೆ ಸೀಸೆಯ ಔಷಧಿ ಬೇಕೆ?



ಮುಂಗಾರಿನ ಉಳುಮೆ ಆರಂಭವಾಯಿತೆಂದರೆ ಡೀಸೆಲ್ ಬಂಕುಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಪಕ್ಕದ ಬಿಡಿಭಾಗಗಳ ಅಂಗಡಿಯಲ್ಲಿ ಬಣ್ಣಬಣ್ಣದ ಸಣ್ಣ ಸೀಸೆಗಳೂ ಕಾಣಿಸುತ್ತವೆ. ಒಂದು ಸೀಸೆ ಟ್ಯಾಂಕಿಗೆ ಸುರಿದರೆ ಹೊಗೆ ಕಡಿಮೆ, ಎಳೆತ ಹೆಚ್ಚು, ಇಂಧನದಲ್ಲಿ ಉಳಿತಾಯ ಎಂದು ಅದರ ಚೀಟಿಯ ಮೇಲೆ ಬರೆದಿರುತ್ತದೆ. ಇಂಧನಕ್ಕೆ ಬೆರೆಸುವ ಇಂಥ ದ್ರವಗಳಿಗೆ ಅಡಿಟಿವ್ ಎಂದು ಹೆಸರು.

ಚಾಲಕರು ಇವನ್ನು ಸುಮ್ಮನೆ ಕೊಳ್ಳುವುದಿಲ್ಲ. ಎಂಜಿನು ಕಪ್ಪು ಹೊಗೆ ಕಾರುತ್ತಿರುತ್ತದೆ, ಬೆಳಗಿನ ಹೊತ್ತು ಬೇಗ ಚಾಲೂ ಆಗುವುದಿಲ್ಲ, ಕಳೆದ ವರ್ಷಕ್ಕಿಂತ ಎಕರೆಗೆ ಹೆಚ್ಚು ಡೀಸೆಲ್ ಕುಡಿಯುತ್ತದೆ. ಕೊಂಡ ಇಂಧನ ಕಲಬೆರಕೆಯೇನೋ ಎಂಬ ಅನುಮಾನವೂ ಇರುತ್ತದೆ. ಎಂಜಿನನ್ನು ಬಿಚ್ಚಿಸಿದರೆ ಎರಡು ದಿನದ ಕೆಲಸ ಕೆಡುತ್ತದೆ. ಸೀಸೆಯಾದರೆ ಅರೆನಿಮಿಷದ ಕೆಲಸ. ಹದ ಮೀರುತ್ತಿರುವ ಹೊಲವನ್ನು ಎದುರಿಗಿಟ್ಟುಕೊಂಡ ರೈತ ಸೀಸೆಯನ್ನು ಆರಿಸಿದರೆ ಆಶ್ಚರ್ಯವಿಲ್ಲ.

ಆದರೆ ಸತುವಿನ ಕೊರತೆಯಿರುವ ಭತ್ತದ ಗದ್ದೆಗೆ ಸತುವಿನ ಸಲ್ಫೇಟ್ ಹಾಕಿದರೆ ಫಲ ಕಾಣುತ್ತದೆ, ಕೊರತೆಯಿಲ್ಲದ ಗದ್ದೆಗೆ ಹಾಕಿದರೆ ಹಣ ಹಾಳು ಎಂಬುದನ್ನು ರೈತರು ಬಲ್ಲರು. ಎಂಜಿನಿನ ವಿಷಯವೂ ಹೀಗೆಯೇ. ಮೊದಲು ಕೊರತೆ ಯಾವುದೆಂದು ತಿಳಿಯಬೇಕು.

ಬಂಕಿಗೆ ಬರುವ ಇಂಧನದಲ್ಲಿ ಅಗತ್ಯವಾದ ಅಡಿಟಿವ್‌ಗಳು ಆಗಲೇ ಬೆರೆತಿರುತ್ತವೆ. ಈ ಪದ್ಧತಿ ಹಳೆಯದು. ಪೆಟ್ರೋಲ್ ಎಂಜಿನಿನಲ್ಲಿ ಬರುವ ಕುಟ್ಟುವ ಸದ್ದನ್ನು ಸೀಸದ ಒಂದು ಸಂಯುಕ್ತ ತಡೆಯುತ್ತದೆಂದು 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಹಿಡಿದನು. ಸದ್ದೇನೋ ನಿಂತಿತು, ಆದರೆ ಸೀಸ ವಿಷ. ಅದು ಹೊಗೆಯೊಡನೆ ದಶಕಗಳ ಕಾಲ ಜನರ ಉಸಿರಿಗೆ ಸೇರಿತು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ಪೂರ್ಣವಾಗಿ ನಿಂತದ್ದು 2000ದಲ್ಲಿ. ಅಡಿಟಿವ್ ಒಂದು ತೊಂದರೆಯನ್ನು ನೀಗಿಸಿ ಇನ್ನೊಂದನ್ನು ತರಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಡೀಸೆಲಿನ ಕತೆ ಬೇರೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ದೊರೆಯುತ್ತಿರುವ ಬಿ.ಎಸ್.-6 ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮೀರುವಂತಿಲ್ಲ. ಅದಕ್ಕೆ ಮುಂಚಿನ ಬಿ.ಎಸ್.-4 ಡೀಸೆಲಿನಲ್ಲಿ ಈ ಮಿತಿ 50 ಇತ್ತು. ಗಂಧಕವನ್ನು ತೆಗೆಯುವ ಕ್ರಿಯೆಯಲ್ಲಿ ಡೀಸೆಲಿನ ಸಹಜವಾದ ಜಾರುಗುಣವೂ ಕುಂದುತ್ತದೆ. ಇಂಧನ ಪಂಪಿನ ಒಳಭಾಗಗಳಿಗೆ ಡೀಸೆಲೇ ಕೀಲೆಣ್ಣೆಯಾಗಿರುವ ಎಂಜಿನುಗಳು ಅನೇಕ. ಜಾರುಗುಣ ಸಾಲದಿದ್ದರೆ ಆ ಭಾಗಗಳು ಸವೆಯುತ್ತವೆ. ಆದ್ದರಿಂದ ಅದನ್ನು ತುಂಬಿಕೊಡುವ ದ್ರವವನ್ನು ಶುದ್ಧೀಕರಣ ಕಾರ್ಖಾನೆಯಲ್ಲಿಯೇ ಬೆರೆಸುತ್ತಾರೆ. ಇದನ್ನೇ ಮತ್ತೆ ಸೀಸೆಯಲ್ಲಿ ಕೊಳ್ಳುವ ಅಗತ್ಯವಿಲ್ಲ.

ಚಳಿಯಲ್ಲಿ ಡೀಸೆಲ್ ಗಟ್ಟಿಯಾಗದಂತೆ ತಡೆಯುವ ಅಡಿಟಿವ್‌ಗಳೂ ಉಂಟು. ಲಡಾಖಿನಂಥ ಪ್ರದೇಶದಲ್ಲಿ ಡೀಸೆಲಿನೊಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರು ಕಟ್ಟಿಕೊಳ್ಳುವುದು ನಿಜವಾದ ತೊಂದರೆ. 2019ರ ನವೆಂಬರಿನಲ್ಲಿ ಅಲ್ಲಿಗೆಂದೇ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಡೀಸೆಲನ್ನು ಮಾರುಕಟ್ಟೆಗೆ ತರಲಾಯಿತು. ರಾಯಚೂರಿನ ಟ್ರ್ಯಾಕ್ಟರಿಗೆ ಇದರಿಂದ ಏನು ಪ್ರಯೋಜನ?

ಇಂಜೆಕ್ಟರನ್ನು ತೊಳೆಯುವ ಅಡಿಟಿವ್‌ಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ ನೋಡಬೇಕು. ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳಲ್ಲಿ ಮಸಿ ಕಟ್ಟಿದರೆ ಡೀಸೆಲ್ ಮಂಜಿನಂತೆ ಸಿಂಪಡಣೆಯಾಗದೆ ಹನಿಹನಿಯಾಗಿ ಬಿದ್ದು ಅರೆಬರೆ ಉರಿಯುತ್ತದೆ. ಒಳ್ಳೆಯ ತೊಳೆಯುವ ದ್ರವ ಈ ಮಸಿಯನ್ನು ಕ್ರಮೇಣ ಕರಗಿಸಬಲ್ಲದು. ಆದರೆ ಸವೆದ ನಾಜಲನ್ನು ಅದು ಹೊಸದಾಗಿಸಲಾರದು. ಕಪ್ಪು ಹೊಗೆಗೆ ಏರ್ ಕ್ಲೀನರಿನಲ್ಲಿ ತುಂಬಿದ ಧೂಳು ಅಥವಾ ಎಂಜಿನಿನ ಶಕ್ತಿಗೆ ಮೀರಿದ ನೇಗಿಲು ಕಾರಣವಾಗಿದ್ದರೆ ಎಷ್ಟು ಸೀಸೆ ಸುರಿದರೂ ಹೊಗೆ ನಿಲ್ಲದು. ನೀಲಿ ಹೊಗೆ ಬಂದರೆ ಕೀಲೆಣ್ಣೆ ಉರಿಯುತ್ತಿದೆಯೆಂದು ಅರ್ಥ. ಪಿಸ್ಟನ್ ರಿಂಗುಗಳನ್ನು ಪರೀಕ್ಷಿಸಬೇಕು.

ಇಂಧನ ಉಳಿತಾಯದ ಲೆಕ್ಕವನ್ನೂ ನೋಡಿ. 50 ಲೀಟರ್ ಡೀಸೆಲಿಗೆ ಸಾಲುವ ಸೀಸೆಯ ಬೆಲೆ 300 ರೂಪಾಯಿ, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಆ ಹಣಕ್ಕೆ ಮೂರೂ ಕಾಲು ಲೀಟರಿಗಿಂತ ಹೆಚ್ಚು ಡೀಸೆಲ್ ಬರುತ್ತದೆ. ಹಾಕಿದ ಹಣ ಹುಟ್ಟಬೇಕಾದರೆ 50 ಲೀಟರ್ ಡೀಸೆಲ್ 53 ಲೀಟರಿಗೂ ಮೀರಿದ ಕೆಲಸ ಮಾಡಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಧನ ಉಳಿಸುತ್ತವೆಂದು ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನಗಳನ್ನೂ ದ್ರವಗಳನ್ನೂ ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಕಂಡುಬರಲಿಲ್ಲ.

ಮನೆಮದ್ದುಗಳು ಇನ್ನೂ ಅಪಾಯಕರ. ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದರೆ ಅದು ತೆಳುವಾಗಿ ಪಂಪು ಸವೆಯುತ್ತದೆ. ಬಳಸಿ ಬಿಟ್ಟ ಎಂಜಿನ್ ಆಯಿಲ್ ಸುರಿದರೆ ಅದರಲ್ಲಿನ ಮಸಿಯೂ ಲೋಹದ ಪುಡಿಯೂ ಫಿಲ್ಟರನ್ನು ಕಟ್ಟುತ್ತವೆ. ಪೆಟ್ರೋಲಿಗೆ ಹಾಕಿದ ನುಸಿಗುಳಿಗೆ ಮೊದಲು ಕರಗುತ್ತದೆ, ಪೆಟ್ರೋಲ್ ಆವಿಯಾದ ಮೇಲೆ ಕಾರ್ಬುರೇಟರಿನಲ್ಲಿ ಹರಳಾಗಿ ಉಳಿಯುತ್ತದೆ. ಹೊಸ ಲಾರಿಗಳಲ್ಲಿ ಬಳಸುವ ಯೂರಿಯಾ ದ್ರಾವಣವನ್ನಂತೂ ಡೀಸೆಲ್ ಟ್ಯಾಂಕಿಗೆ ಹಾಕಲೇಬಾರದು. ಅದು ಇಂಧನಕ್ಕಲ್ಲ, ಹೊಗೆಯನ್ನು ಶುದ್ಧಗೊಳಿಸಲು ಬೇರೆ ಟ್ಯಾಂಕಿಗೆ ಹಾಕುವಂಥದು. ಅದರಲ್ಲಿ ಶೇಕಡಾ 32.5ರಷ್ಟು ಅತಿ ಶುದ್ಧ ಯೂರಿಯಾ ಇರುತ್ತದೆ. ಹೊಲಕ್ಕೆ ತಂದ ಬೇವು ಲೇಪಿತ ಯೂರಿಯಾವನ್ನು ಕರಗಿಸಿ ಹಾಕಿ ಉಳಿತಾಯ ಮಾಡಹೊರಟರೆ ಸಾವಿರಾರು ರೂಪಾಯಿಯ ಉಪಕರಣ ಕೆಟ್ಟೀತು.

ರೈತರ ಡೀಸೆಲಿಗೆ ನಿಜವಾದ ಶತ್ರು ನೀರು ಮತ್ತು ಧೂಳು. ಡ್ರಮ್ಮಿನಲ್ಲಿ ತಂದ ಡೀಸೆಲನ್ನು ಒಂದು ದಿನ ಅಲುಗಾಡಿಸದೆ ಬಿಟ್ಟು, ತಳದ ಕೆಲವು ಅಂಗುಲ ಬಿಟ್ಟು ಮೇಲಿನದನ್ನು ತೆಗೆದು ಸೋಸಿ ಹಾಕುವುದು ಒಳ್ಳೆಯದು. ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರಿಗೆ ಅಂಟುವುದೂ ಉಂಟು. ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಒಳಗೆ ಹನಿಗಟ್ಟುವ ನೀರು ಕಡಿಮೆ.

ಕೊನೆಯದಾಗಿ ಪೆಟ್ರೋಲಿನಿಂದ ನಡೆಯುವ ಔಷಧಿ ಸಿಂಪಡಣಾ ಯಂತ್ರ ಮತ್ತು ಕಳೆ ಕತ್ತರಿಸುವ ಯಂತ್ರಗಳು. ಎರಡು ಸ್ಟ್ರೋಕಿನ ಎಂಜಿನಿಗೆ ಆಯಿಲ್ ಬೆರೆಸಲೇಬೇಕು. ಇಲ್ಲಿ ಅದು ಐಚ್ಛಿಕವಲ್ಲ. ತಯಾರಕರು 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಅಳೆದು ಹಾಕಬೇಕು. ಈಗ ಬಂಕಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ತಳದ ದ್ರವ ಮೊದಲು ಎಂಜಿನಿಗೆ ಹೋದರೆ ಪಿಸ್ಟನ್ ಜಾಮ್ ಆಗುವ ಅಪಾಯವುಂಟು. ಪೆಟ್ರೋಲ್ ಕೆಡದಂತೆ ಇಡುವ ಅಡಿಟಿವ್‌ಗಳು ದೊರೆಯುತ್ತವಾದರೂ ಒಮ್ಮೆ ಬೇರ್ಪಟ್ಟದ್ದನ್ನು ಅವು ಕೂಡಿಸಲಾರವು. ಹಂಗಾಮು ಮುಗಿದ ದಿನವೇ ಟ್ಯಾಂಕನ್ನು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಮುಗಿದು ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ ಒಳಗಿಡುವುದಕ್ಕೆ ಏನೂ ಖರ್ಚಿಲ್ಲ.