ಪೆಟ್ಟು ಎಲ್ಲಿಗೆ ಹೋಗುತ್ತೆ?

ಮಂಡ್ಯದಿಂದ ಒಬ್ಬ ತಂದೆ ಮೆಸೇಜ್ ಕಳಿಸಿದ್ದಾರೆ. "ಮಗ ಹಠ ಹಿಡಿದು ಯಮಹಾ ಆರ್15 ತಗೊಂಡಿದ್ದಾನೆ. ಕ್ರ್ಯಾಶ್ ಗಾರ್ಡ್ ಹಾಕಿಸಲೋ, ಫ್ರೇಮ್ ಸ್ಲೈಡರ್ ಹಾಕಿಸಲೋ ಸಾರ್?" ಅಂತ. ರಾಜಕೀಯ ಒಂದು ದಿನ ಕಾಯಲಿ. ನಾನು ಎಂಜಿನಿಯರಿಂಗ್ ಓದಿದ್ದು ಕೆಲಸಕ್ಕೆ ಬರೋದೇ ವರ್ಷಕ್ಕೆ ಒಂದೆರಡು ಸಲ.

ನೋಡಿ, ಗಾರ್ಡ್ ಆಗಲಿ ಸ್ಲೈಡರ್ ಆಗಲಿ, ಪೆಟ್ಟನ್ನು ನುಂಗಿಬಿಡೋದಿಲ್ಲ, ಇನ್ನೊಂದು ಕಡೆಗೆ ದಾಟಿಸುತ್ತೆ. ಎಲ್ಲಿಗೆ ದಾಟಿಸುತ್ತೆ ಅಂತ ಕೊಳ್ಳುವಾಗ ಯಾರೂ ಕೇಳೋದಿಲ್ಲ. ನಾನೂ ಕೇಳಿರಲಿಲ್ಲ.

ಫೈನಲ್ ಇಯರ್‌ನಲ್ಲಿದ್ದಾಗ ನಂದಿ ಬೆಟ್ಟ ಇಳಿಯುವಾಗ, ತಿರುವಿನಲ್ಲಿ ಜಲ್ಲಿ ಪುಡಿ ಮೇಲೆ ಚಕ್ರ ಜಾರಿ ಬಿದ್ದೆ. ಸೆಕೆಂಡ್ ಹ್ಯಾಂಡ್ ಬೈಕು, ಅದಕ್ಕೆ ಹೊಳೆಯೋ ಕಬ್ಬಿಣದ ಸ್ಲೈಡರ್. ಎದ್ದು ನೋಡಿದ್ರೆ ಫೇರಿಂಗ್ ಮೇಲೆ ಒಂದು ಗೀರೂ ಇಲ್ಲ! ಬಗ್ಗಿ ನೋಡಿದಾಗ ಗೊತ್ತಾಯ್ತು, ಎಂಜಿನ್ನನ್ನು ಫ್ರೇಮಿಗೆ ಹಿಡಿಯೋ ಕಿವಿಯೇ ಮುರಿದಿತ್ತು. ಸ್ಲೈಡರ್ ಉದ್ದ ಇದ್ದಿದ್ದರಿಂದ ಹಾರೆ ಹಾಕಿ ಮೀಟಿದ ಹಾಗೆ ಮೀಟಿಬಿಟ್ಟಿತ್ತು. ಪ್ಲಾಸ್ಟಿಕ್ ಉಳಿಸೋಕೆ ಹೋಗಿ ಎಂಜಿನ್ ಕೇಸ್ ಕಳ್ಕೊಂಡೆ.

ಹಾಗಾಗಿ ಯಜಮಾನ್ರೇ, ಸ್ಲೈಡರ್ ಫೇರಿಂಗ್‌ಗಿಂತ ಸ್ವಲ್ಪ ಮಾತ್ರ ಹೊರಗಿದ್ರೆ ಸಾಕು. ತುದಿಯ ಗುಂಡು ನೈಲಾನ್ ಅಥವಾ ಡೆಲ್ರಿನ್‌ದಾಗಿರಲಿ. ಅದು ರಸ್ತೆ ಮೇಲೆ ಸವೆಯುತ್ತಾ ಜಾರುತ್ತೆ. ಲೋಹ ಆದ್ರೆ ಟಾರಿಗೆ ಕಚ್ಚಿಕೊಂಡು ಬೈಕನ್ನೇ ಮಗುಚಿಸಬಹುದು. ಫೇರಿಂಗ್ ಕತ್ತರಿಸದೆ ಕೂರಿಸೋ ಬ್ರಾಕೆಟ್ ನಮೂನೆ ನೋಡೋಕೆ ಚೆಂದ, ಆದ್ರೆ ಪೆಟ್ಟು ಬೋಲ್ಟಿನ ನೇರಕ್ಕೆ ಬೀಳದೆ ಪಕ್ಕಕ್ಕೆ ಬಿದ್ದು ಬ್ರಾಕೆಟ್ ತಿರುಚುತ್ತೆ. ಎರಡು ಕಡೆ ಹಿಡಿದಿರೋದನ್ನ ಆರಿಸಿ. ಬೋಲ್ಟಿನ ತಲೆ ಮೇಲೆ 8.8 ಅಥವಾ 10.9 ಅಂತ ಗುರುತಿರುತ್ತೆ, ಅದರ ಶಕ್ತಿಯ ದರ್ಜೆ ಅದು. ಗುರುತೇ ಇಲ್ಲದ ಬೋಲ್ಟ್ ಕೊಟ್ರೆ ವಾಪಸ್ ಕೊಡಿ. ಹಾಕಿಸುವಾಗ ಎಂಜಿನ್ ಕೆಳಗೆ ಜಾಕ್ ಕೊಟ್ಟು ಒಂದೊಂದೇ ಬೋಲ್ಟ್ ಬಿಚ್ಚಬೇಕು, ಟಾರ್ಕ್ ವ್ರೆಂಚ್‌ನಲ್ಲೇ ಬಿಗಿ ಮಾಡಬೇಕು.

ದೊಡ್ಡ ಪೈಪಿನ ಗಾರ್ಡ್ ಬೇಡ ಅಂತೀನಿ. ಊರೊಳಗೆ ನಿಧಾನವಾಗಿ ಓಡಾಡೋ ಬೈಕಿಗೆ ಅದು ಸರಿ. ವೇಗದಲ್ಲಿ ಜಾರುವಾಗ ಡಿವೈಡರ್‌ಗೆ ಸಿಕ್ಕಿಹಾಕಿಕೊಂಡ್ರೆ ಕಷ್ಟ.

ದುಡ್ಡು ಉಳಿದ್ರೆ ಎಂಜಿನ್ ಕವರ್‌ಗೆ ಹಾಕಿ. ಬಲಗಡೆ ಕ್ಲಚ್, ಎಡಗಡೆ ಮ್ಯಾಗ್ನೆಟೊ, ಎರಡರ ಮುಚ್ಚಳವೂ ತೆಳು. ತೂತಾದ್ರೆ ಆಯಿಲ್ ರಸ್ತೆಗೆ ಚೆಲ್ಲುತ್ತೆ, ಹಿಂದೆ ಬರೋನು ಬೀಳ್ತಾನೆ. ವರ್ಲ್ಡ್ ಸೂಪರ್‌ಬೈಕ್ ರೇಸಿನಲ್ಲಿ ಆಯಿಲ್ ಇರೋ ಕೇಸ್‌ಗಳಿಗೆ ಎರಡನೇ ಕವರ್ ಕಡ್ಡಾಯ ಮಾಡಿರೋದು ಸುಮ್ನೆ ಅಲ್ಲ. ಅಂದ ಹಾಗೆ, ಹುಡುಗರು ಮೊದಲು ಕಿತ್ತೆಸೆಯೋದು ಸೀರೆ ಗಾರ್ಡ್. ಹಿಂದಿನ ಚಕ್ರ ಅರ್ಧವಾದ್ರೂ ಮುಚ್ಚಿರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತೆ. ಅಮ್ಮನ್ನ ಕೂರಿಸ್ಕೊಂಡು ಹೋಗೋದೇ ಇಲ್ವೇನಪ್ಪಾ?

ಒಂದು ವಿಷಯ ಇನ್ನೂ ಹೇಳಿಲ್ಲ. ಅವತ್ತು ಐಎಸ್‌ಐ ಗುರುತಿನ ಹೆಲ್ಮೆಟ್ ಇತ್ತು, ತಲೆ ಉಳೀತು. ಕೈಗೆ ಗ್ಲೌಸ್ ಇರಲಿಲ್ಲ. ಬೀಳುವಾಗ ಯಾರಾದ್ರೂ ಮೊದಲು ಕೈ ಊರ್ತಾರೆ. ಎರಡೂ ಅಂಗೈ ಚರ್ಮ ಹೋಗಿ ಮೂರು ವಾರ ಅಮ್ಮನೇ ಊಟ ತಿನ್ನಿಸಿದ್ರು. ಸ್ಲೈಡರ್‌ಗೆ ದುಡ್ಡಿತ್ತು, ಗ್ಲೌಸ್‌ಗೆ ಇರಲಿಲ್ಲ!

ಮಂಡ್ಯದ ಯಜಮಾನ್ರಿಗೆ ಇಷ್ಟನ್ನೂ ಬರೆದು, ಮಗನ ಅಂಗೈ ಅಳತೆ ಕೇಳಿದ್ದೀನಿ. ಇನ್ನೂ ಕಳಿಸಿಲ್ಲ.