ರೋಗಾಣುಗಳ ದಾನಧರ್ಮ

ಆಮಶಂಕೆಯೆಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ನುಲಿಯುವ ಹೊಟ್ಟೆ, ರಕ್ತಭೇದಿ, ಜ್ವರ. ಮನೆಯಲ್ಲೊಬ್ಬರಿಗೆ ಬಂದರೆ ಎಲ್ಲರಿಗೂ ದಿಗಿಲು. ಇದನ್ನುಂಟುಮಾಡುವ ಒಂದು ರೋಗಾಣುವನ್ನು 1897ರಲ್ಲಿ ಜಪಾನಿನ ಕಿಯೋಷಿ ಷಿಗಾ ಕಂಡುಹಿಡಿದರು. ಅವರ ಹೆಸರಿನಿಂದಲೇ ಅದರ ಕುಲಕ್ಕೆ ಷಿಗೆಲ್ಲ ಎಂಬ ನಾಮಕರಣವಾಯಿತು. ಅದು ಮದ್ದುಗಳನ್ನು ಗೆದ್ದ ಬಗೆ ಬಯಲಾದದ್ದೂ ಜಪಾನಿನಲ್ಲಿಯೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಆಮಶಂಕೆಗೆ ಸಲ್ಫಾ ಮದ್ದುಗಳನ್ನು ಧಾರಾಳವಾಗಿ ಕೊಟ್ಟರು. ಮೊದಮೊದಲು ಗುಣ ಕಂಡಿತು. ಕೆಲವೇ ವರ್ಷಗಳಲ್ಲಿ ಮದ್ದು ನಾಟದಾಯಿತು. ಬಳಿಕ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್‌ಗಳು ಬಂದವು. 1950ರ ದಶಕದ ನಡುವಿನ ಹೊತ್ತಿಗೆ ಈ ನಾಲ್ಕಕ್ಕೂ ಒಟ್ಟಿಗೆ ಜಗ್ಗದ ಷಿಗೆಲ್ಲ ತಲೆದೋರಿತು.

ಸೋಜಿಗವೆಲ್ಲ ಈ ‘ಒಟ್ಟಿಗೆ’ ಎಂಬಲ್ಲಿದೆ. ಕೋಟಿಗಟ್ಟಲೆ ಅಣುಜೀವಿಗಳಲ್ಲಿ ಎಲ್ಲೋ ಒಂದು, ತನ್ನೊಳಗಿನ ಆಕಸ್ಮಿಕ ಮಾರ್ಪಾಟಿನಿಂದ, ಒಂದು ಮದ್ದಿಗೆ ಸಾಯದೆ ಉಳಿದು ಸಂತಾನ ಬೆಳೆಸೀತು. ಅಂಥ ನಾಲ್ಕು ಆಕಸ್ಮಿಕಗಳು ಒಂದರಲ್ಲೇ ಕೂಡಿಬರುವುದುಂಟೆ? ಮೇಲಾಗಿ, ಒಂದೇ ಮದ್ದು ತೆಗೆದುಕೊಂಡ ರೋಗಿಗಳಲ್ಲಿಯೂ ನಾಲ್ಕನ್ನು ಗೆದ್ದ ರೋಗಾಣು ಸಿಕ್ಕಿತು. ಎದುರಿಸಿಯೇ ಇಲ್ಲದ ಮದ್ದನ್ನು ಗೆಲ್ಲುವ ವಿದ್ಯೆ ಅದಕ್ಕೆ ಬಂದದ್ದಾದರೂ ಎಲ್ಲಿಂದ?

1959ರಲ್ಲಿ ಓಚಿಯಾಯ್ ಮತ್ತು ಅಕಿಬ ಎಂಬವರ ತಂಡಗಳು, ಬೇರೆಬೇರೆಯಾಗಿಯೇ, ಉತ್ತರ ಕಂಡುಕೊಂಡವು. ನಮ್ಮ ಕರುಳಿನಲ್ಲಿ ಇ. ಕೋಲಿ ಎಂಬ ಜೀವಿಯುಂಟು. ಬಹುಮಟ್ಟಿಗೆ ಯಾರ ತಂಟೆಗೂ ಹೋಗದ ಸಾಧು. ಮದ್ದಿಗೆ ಜಗ್ಗದ ಇ. ಕೋಲಿಯನ್ನೂ ಮದ್ದಿಗೆ ಸಾಯುವ ಷಿಗೆಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೆಳೆಸಿದರು. ಷಿಗೆಲ್ಲವೂ ನಾಲ್ಕು ಮದ್ದುಗಳಿಗೆ ಜಗ್ಗದಾಯಿತು! ಎರಡು ಜೀವಿಗಳು ಮೈ ತಾಗಿಸಿಕೊಂಡಾಗ, ಬಳೆಯಾಕಾರದ ಡಿಎನ್‌ಎ ತುಣುಕೊಂದು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಅದಕ್ಕೆ ಈಗ ಪ್ಲಾಸ್ಮಿಡ್ ಎನ್ನುತ್ತಾರೆ. ನಾಲ್ಕು ಮದ್ದುಗಳ ಪ್ರತ್ಯುಪಾಯವೂ ಆ ಒಂದು ಬಳೆಯಲ್ಲೇ ಅಡಕವಾಗಿತ್ತು.

ತಂದೆಯಿಂದ ಮಗನಿಗೆ ಬರುವುದು ದಾಯ. ಹೊರಗಿನವನಿಗೆ ಕೈಯೆತ್ತಿ ಕೊಡುವುದು ದಾನ. ರೋಗಾಣುಗಳಲ್ಲಿ ಎರಡೂ ಉಂಟು. ಅದರಲ್ಲೂ ಇದು ವಿದ್ಯಾದಾನದ ಜಾತಿಯದು. ಓಲೆಗರಿಯನ್ನು ಪ್ರತಿಮಾಡಿಕೊಟ್ಟಂತೆ, ಕೊಟ್ಟವನಲ್ಲಿ ಮೂಲ ಉಳಿದೇ ಇರುತ್ತದೆ. ಪಡೆದವನು ಮತ್ತೊಬ್ಬನಿಗೆ ಕೊಡಬಲ್ಲ. ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಹೋಲಿಕೆಯಿಂದ ಹೆಮ್ಮೆಯೇನೂ ಆಗಲಿಲ್ಲ.

ನೆಗಡಿಗೆ ಕಾರಣ ವೈರಸ್ಸು. ಅದರ ಮೇಲೆ ಆಂಟಿಬಯಾಟಿಕ್ ನಡೆಯದು. ಆದರೂ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗುತ್ತೇವೆ. ನೆಗಡಿ ತನ್ನಷ್ಟಕ್ಕೆ ಹೋಗುತ್ತದೆ. ಕರುಳಿನೊಳಗೆ ಬಳೆಯಿಲ್ಲದ ಸಾಧುಗಳು ಸಾಯುತ್ತವೆ. ಬಳೆ ತೊಟ್ಟವು ಉಳಿದು, ತೆರವಾದ ಜಾಗವನ್ನೆಲ್ಲ ತುಂಬುತ್ತವೆ. ಮುಂದೊಂದು ದಿನ ಕೆಟ್ಟ ನೀರಿನೊಡನೆ ಷಿಗೆಲ್ಲ ಒಳಹೊಕ್ಕರೆ, ಕೊಡುವವರು ಅಲ್ಲಿ ಕಾದೇ ಇರುತ್ತಾರೆ.